ಪೊರೆ ಆಪರೇಷನ್ನಿನ ಹಿಂದೆ ಬಾರ್ಲಿ, ಹತ್ತಿ, ರೇಷ್ಮೆಹುಳ

ಮನೆಯ ಹಿರಿಯರಿಗೆ ಕಣ್ಣಲ್ಲಿ ಪೊರೆ ಬಂದಿದೆ ಅಂತ ಗೊತ್ತಾದ ಮೇಲೆ ಆಸ್ಪತ್ರೆಯ ಕೌಂಟರಿನಲ್ಲಿ ಒಂದು ಹಾಳೆ ಕೈಗೆ ಬರುತ್ತದೆ. ಫೇಕೋ, ಮೈಕ್ರೋ ಫೇಕೋ, ಹೊಲಿಗೆ ಇಲ್ಲದ್ದು, ಲೇಸರ್. ಅದರ ಕೆಳಗೆ ಲೆನ್ಸುಗಳು: ಮಡಚುವಂಥದ್ದು, ಮಡಚದಂಥದ್ದು, ಮಲ್ಟಿಫೋಕಲ್, ಟೋರಿಕ್. ಎದುರಿಗೆ ರೇಟು. ಮಗ ಅಪ್ಪನ ಮುಖ ನೋಡುತ್ತಾನೆ, ಅಪ್ಪ ರೇಟು ನೋಡುತ್ತಾರೆ. ಕಡಿಮೆಯದನ್ನು ಆರಿಸಿದರೆ ಅಪ್ಪನ ಕಣ್ಣಿಗೆ ಜಿಪುಣತನ ಮಾಡಿದ ಹಾಗೆ, ಜಾಸ್ತಿಯದಕ್ಕೆ ಜೇಬು ಒಪ್ಪುವುದಿಲ್ಲ.

ಮೊದಲು ಒಂದು ಗೋಜಲು ಬಿಡಿಸೋಣ. ಜನ ಲೇಸರ್ ಆಪರೇಷನ್ ಅನ್ನುವುದರಲ್ಲಿ ಬಹುಪಾಲು ಲೇಸರೇ ಇರುವುದಿಲ್ಲ. ಫೇಕೋದಲ್ಲಿ ಪೊರೆಯನ್ನು, ಅಂದರೆ ಕಣ್ಣೊಳಗೆ ಮಬ್ಬಾದ ಮಸೂರವನ್ನು, ಪುಡಿ ಮಾಡುವುದು ಕಿವಿಗೆ ಕೇಳದಷ್ಟು ವೇಗವಾಗಿ ಅದುರುವ ಸೂಜಿ. ಹಲ್ಲು ಶುಚಿ ಮಾಡುವ ಅಲ್ಟ್ರಾಸೌಂಡ್ ಸಾಧನ ನೋಡಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಇದನ್ನು ಕಣ್ಣಿಗೆ ತಂದರು. ನಿಜವಾದ ಲೇಸರ್ ಬಂದದ್ದು ತೀರಾ ಈಚೆಗೆ, ಅದೂ ಕೆಲವು ಹಂತಗಳಿಗೆ ಮಾತ್ರ.

ಅದಕ್ಕೂ ಹಿಂದಿನದು ಎರಡು ಸಾಲಿನ ಕಥೆ. ಸುಶ್ರುತ ಸಂಹಿತೆಯ ಕಾಲದಿಂದ ಪೊರೆಯನ್ನು ಸಲಾಕೆಯಲ್ಲಿ ಪಕ್ಕಕ್ಕೆ ತಳ್ಳುತ್ತಿದ್ದರು. ಹದಿನೆಂಟನೇ ಶತಮಾನದ ನಡುವೆ ಫ್ರಾನ್ಸಿನ ಜಾಕ್ ದವಿಯೆಲ್ ಅದನ್ನು ಹೊರಗೆ ತೆಗೆಯತೊಡಗಿದರು. ಎರಡರಲ್ಲೂ ರೋಗಿ ಎಚ್ಚರವಾಗಿದ್ದು ಎಲ್ಲ ನೋವನ್ನೂ ಉಣ್ಣಬೇಕಿತ್ತು.

ನೋವು ತಗ್ಗಿಸಿದ್ದು ಗಿಡ. 1884ರಲ್ಲಿ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್ ಕೋಕಾ ಎಲೆಯ ಸಾರವಾದ ಕೊಕೇನಿನ ಹನಿ ಬಿಟ್ಟರೆ ಕಣ್ಣು ಜೋಮು ಹಿಡಿಯುತ್ತದೆ ಅಂತ ತೋರಿಸಿದರು. ಆದರೆ ಕೊಕೇನ್ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಂಥ ಭಾಗದ) ಮೇಲ್ಪದರವನ್ನು ಕೆಡಿಸುತ್ತಿತ್ತು, ಚಟ ಬೇರೆ. ಪರಿಹಾರದ ಒಂದು ಎಳೆ ಸಿಕ್ಕಿದ್ದು ಬಾರ್ಲಿ ಪೈರಿನಲ್ಲಿ. ಸಸ್ಯಹೇನುಗಳನ್ನು ದೂರವಿಡುವ ಗ್ರಾಮೀನ್ ಎಂಬ ವಸ್ತು ಬಾರ್ಲಿಯಲ್ಲಿದೆ. ಸ್ಟಾಕ್‌ಹೋಮಿನ ರಸಾಯನ ವಿಜ್ಞಾನಿಗಳು ಅದರ ರಚನೆ ಹುಡುಕಲು ಹೋಗಿ, 1935ರ ಹೊತ್ತಿಗೆ ಅದರ ದಾಯಾದಿ ಐಸೋಗ್ರಾಮೀನನ್ನು ತಯಾರಿಸಿದರು. ಅವರಲ್ಲೊಬ್ಬರಾದ ಹೋಲ್ಗರ್ ಏರ್ಟ್‌ಮನ್ ಅದನ್ನು ನಾಲಿಗೆಗೆ ಮುಟ್ಟಿಸಿಕೊಂಡಾಗ ನಾಲಿಗೆ ಮರಗಟ್ಟಿತು. (ಪ್ರಯೋಗಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ನೆಕ್ಕಿ ನೋಡುವ ಅಭ್ಯಾಸ ಆಗ ಇತ್ತು.) ಅದೇ ಜಾಡಿನಲ್ಲಿ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಡೋಕೇನ್ ಸಿದ್ಧಪಡಿಸಿದರು. ನಮ್ಮ ಆಸ್ಪತ್ರೆಗಳಲ್ಲಿ ಲಿಗ್ನೋಕೇನ್, ಝೈಲೋಕೇನ್ ಅನ್ನುವುದು ಇದನ್ನೇ. ಆಪರೇಷನ್ನಿಗೆ ಮುಂಚೆ ಕಣ್ಣಿನ ಪಕ್ಕ ಕೊಡುವ ಸೂಜಿಯಲ್ಲಿ ಸಾಮಾನ್ಯವಾಗಿ ಇರುವುದೂ ಅದೇ.

ಕಣ್ಣು ಜೋಮು ಹಿಡಿಸುವ ಇಂಥ ಮದ್ದುಗಳು ಇಲ್ಲದಿದ್ದರೆ ನಮ್ಮ ಕಡೆಯ ಕಣ್ಣಿನ ಕ್ಯಾಂಪುಗಳು ನಡೆಯುತ್ತಲೇ ಇರಲಿಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ 1940ರ ದಶಕದಿಂದ ಊರೂರು ಸುತ್ತಿ ಪೊರೆ ತೆಗೆದರು. ತಿರುಪತಿಯಲ್ಲಿ ಒಂದೇ ದಿನ 833 ಆಪರೇಷನ್ ಮಾಡಿದ್ದು ದಾಖಲೆಯಾಯಿತು. ಅವರ ಕೈಚಳಕ ಕಂಡವರು ಇವತ್ತೂ ಅದನ್ನು ಜಾತ್ರೆಯ ಹಾಗೆ ವರ್ಣಿಸುತ್ತಾರೆ.

ಇಂಥದೇ ಒಂದು ಕ್ಯಾಂಪಿನಲ್ಲಿ ನಮ್ಮಜ್ಜನ ಆಪರೇಷನ್ ಆಗಿತ್ತು. ಶಾಲೆಯ ಕೋಣೆ, ನೆಲದ ಮೇಲೆ ಸಾಲಾಗಿ ಚಾಪೆ, ಎಲ್ಲರ ಕಣ್ಣಿಗೂ ಹಸಿರು ಬಟ್ಟೆ. ಕೆಮ್ಮಬಾರದು, ಮಗ್ಗುಲು ಹೊರಳಬಾರದು, ತಲೆ ಎತ್ತಬಾರದು. ಇಷ್ಟೆಲ್ಲ ಕಟ್ಟುಪಾಡು ಯಾಕೆಂದರೆ ಗಾಯ ಸಣ್ಣದಲ್ಲ. ಮಸೂರವನ್ನು ಅದರ ಚೀಲದ ಸಮೇತ ಹೊರತೆಗೆಯಲು ಹತ್ತು ಹನ್ನೆರಡು ಮಿಲಿಮೀಟರ್ ಕೊಯ್ಯಬೇಕಿತ್ತು. ಅದನ್ನು ಮುಚ್ಚಲು ಬಹಳ ಕಡೆ ಬಳಸುತ್ತಿದ್ದದ್ದು ರೇಷ್ಮೆ ನೂಲು.

ರಾಮನಗರದ ಕಡೆ ನೂಲು ಬಿಚ್ಚುವುದನ್ನು ನೋಡಿದವರಿಗೆ ಈ ನೂಲಿನ ಗುಟ್ಟು ಗೊತ್ತಿರುತ್ತದೆ. ಗೂಡಿನ ಎಳೆ ಅಂದರೆ ಫೈಬ್ರಾಯಿನ್ ಎಂಬ ಪ್ರೋಟೀನಿನ ಜೋಡಿ ತಂತು, ಅದರ ಸುತ್ತ ಸೆರಿಸಿನ್ ಎಂಬ ಗೋಂದು. ಬಿಸಿನೀರಿಗೆ ಹಾಕಿದಾಗ ಸಡಿಲವಾಗುವುದು ಈ ಗೋಂದು. ಸೀರೆಗೆ ಅದು ಬೇಡ, ತೊಳೆದು ತೆಗೆಯುತ್ತಾರೆ. ಕಣ್ಣಿನ ‘ವರ್ಜಿನ್ ಸಿಲ್ಕ್’ ನೂಲಿನಲ್ಲಿ ಮಾತ್ರ ಅದನ್ನು ಉಳಿಸುತ್ತಿದ್ದರು, ಕೂದಲಿಗಿಂತ ತೆಳ್ಳಗಿನ ಎಳೆಗಳು ಬಿಡಿಸಿಕೊಳ್ಳದಿರಲಿ ಅಂತ. ಗಂಟು ಚೆನ್ನಾಗಿ ನಿಲ್ಲುತ್ತಿತ್ತು. ಆದರೆ ಅದು ಪರಕೀಯ ಪ್ರೋಟೀನು. ಕಣ್ಣು ಕೆಂಪಾಗುತ್ತಿತ್ತು, ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಹೊಲಿಗೆ ಬಿಗಿಯಾದರೆ ಕಾರ್ನಿಯಾ ಸೊಟ್ಟಗಾಗಿ ನೋಟವೂ ಸೊಟ್ಟಗಾಗುತ್ತಿತ್ತು. ಮುಂದೆ ನೈಲಾನ್ ಬಂದು ಕೆರೆತ ಕಡಿಮೆಯಾಯಿತು, ಎಳೆತ ಹಾಗೇ ಉಳಿಯಿತು.

ತೆಗೆದ ಮಸೂರದ ಬದಲಿಗೆ ಅಜ್ಜನಿಗೆ ಕೊನೆಗೆ ಸಿಕ್ಕಿದ್ದು ಸೋಡಾಬುಡ್ಡಿ ಕನ್ನಡಕ. ಅದರಲ್ಲಿ ಎಲ್ಲವೂ ಕಾಲು ಪಾಲು ದೊಡ್ಡದಾಗಿ ಕಾಣುತ್ತದೆ. ಕಾಫಿ ಲೋಟ ಕಾಣುತ್ತಿದ್ದ ಜಾಗದಲ್ಲಿ ಲೋಟ ಇರುತ್ತಿರಲಿಲ್ಲ. ಕನ್ನಡಕ ಒಡೆದರೆ ಮತ್ತೆ ಕುರುಡೇ. ಆದರೂ ಅದು ‘ಯಶಸ್ವಿ ಆಪರೇಷನ್’. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೂ ಬಹಳ ಕಾಲ ಎಣಿಸಿದ್ದು ಎಷ್ಟು ಕಣ್ಣು ಕೊಯ್ದರು ಅಂತ. ಎಷ್ಟು ಕಣ್ಣು ಕಂಡವು ಅನ್ನುವ ಲೆಕ್ಕ ತಡವಾಗಿ ಬಂತು.

ಕೃತಕ ಮಸೂರವೇನೋ ಆಗಲೇ ಇತ್ತು. ಎರಡನೇ ಮಹಾಯುದ್ಧದ ಪೈಲಟ್‌ಗಳ ಕಣ್ಣಿಗೆ ಸಿಡಿದ ಅಕ್ರಿಲಿಕ್ ಚೂರುಗಳು ಒಳಗೆ ಗಲಾಟೆ ಮಾಡದೆ ಕೂತದ್ದನ್ನು ಕಂಡ ಬ್ರಿಟನ್ನಿನ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ, 1949ರಲ್ಲಿ ಲಂಡನ್ನಿನಲ್ಲಿ ಅದೇ ಪ್ಲಾಸ್ಟಿಕ್ಕಿನ ಲೆನ್ಸ್ ಕೂರಿಸಿದ್ದರು. ನಮ್ಮ ಬಡವರಿಗೆ ಅಡ್ಡ ಬಂದದ್ದು ಬೆಲೆ. ಆಮದು ಲೆನ್ಸಿಗೆ ನೂರು ಡಾಲರಿನ ಆಸುಪಾಸು. ಮದುರೈನ ಅರವಿಂದ್ ಆಸ್ಪತ್ರೆಯ ಬಳಗ 1992ರಲ್ಲಿ ಆರೋಲ್ಯಾಬ್ ಎಂಬ ಲೆನ್ಸ್ ತಯಾರಿಕಾ ಸಂಸ್ಥೆ ಕಟ್ಟಿ ಅದನ್ನು ಸುಮಾರು ಹತ್ತು ಡಾಲರಿಗೆ ಇಳಿಸಿತು.

ಲೆನ್ಸಿನ ಮಾತು ಎಲ್ಲರೂ ಆಡುತ್ತಾರೆ, ಜೆಲ್ಲಿಯದು ಯಾರೂ ಎತ್ತುವುದಿಲ್ಲ. ಲೆನ್ಸ್ ತೂರಿಸುವಾಗ ಕಾರ್ನಿಯಾದ ಒಳಪದರ ಉಜ್ಜಿಹೋಗಬಾರದು. ಆ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಕಣ್ಣೊಳಗೆ ಅಂಟಾದ ಜೆಲ್ಲಿ ತುಂಬಿ ಜಾಗ ಮಾಡಿಕೊಳ್ಳಬೇಕು. ಹೊರದೇಶಗಳಲ್ಲಿ 1980ರ ಹೊತ್ತಿಗೆ ಬಂದ ಜೆಲ್ಲಿಯನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಬಲು ದುಬಾರಿ. ನಮ್ಮಲ್ಲಿ ಬೇರುಬಿಟ್ಟದ್ದು ಎಚ್‌ಪಿಎಂಸಿ. ಹತ್ತಿ, ಮರದ ನಾರಿನ ಸೆಲ್ಯುಲೋಸನ್ನು ಮಾರ್ಪಡಿಸಿ ಮಾಡುವ ಅಗ್ಗದ ಲೋಳೆ ಅದು. ಲಕ್ಷಾಂತರ ಕಣ್ಣುಗಳಿಗೆ ಲೆನ್ಸ್ ಹೋದದ್ದು ಈ ಲೋಳೆಯ ಮೇಲೆ ಜಾರಿಕೊಂಡು.

ಇನ್ನು ಹೊಲಿಗೆ. ಕಣ್ಣಿನ ಬಿಳಿಭಾಗದಲ್ಲಿ ಆರೇಳು ಮಿಲಿಮೀಟರಿನ ಓರೆ ಸುರಂಗ ಕೊರೆದರೆ ಒಳಗಿನ ಒತ್ತಡವೇ ಬಾಗಿಲು ಮುಚ್ಚುತ್ತದೆ, ನೂಲೇ ಬೇಡ. ಇದೇ ಎಸ್‌ಐಸಿಎಸ್, ಅಂದರೆ ಸಣ್ಣ ಗಾಯದ ಪೊರೆ ಆಪರೇಷನ್. ಫೇಕೋದ ಗಾಯ ಮೂರು ಮಿಲಿಮೀಟರಿಗೂ ಕಡಿಮೆ, ಆದರೆ ಯಂತ್ರ ಬೇಕು. ನೇಪಾಳದಲ್ಲಿ ಕಣ್ಣಿನ ಸರ್ಜನ್ ಸಂದುಕ್ ರುಯಿತ್ ಅವರ ತಂಡ 108 ರೋಗಿಗಳಲ್ಲಿ ಎರಡನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿತು. ಆರು ತಿಂಗಳ ನಂತರ ಎರಡು ಗುಂಪಿನಲ್ಲೂ 98% ಜನರಿಗೆ ಒಳ್ಳೆಯ ನೋಟ. ಎಸ್‌ಐಸಿಎಸ್ ಬೇಗ ಮುಗಿಯುತ್ತಿತ್ತು, ಖರ್ಚೂ ಕಡಿಮೆ. ಫೇಕೋದಲ್ಲಿ ಕಣ್ಣು ಬೇಗ ಮಾಯುತ್ತದೆ, ಅಸ್ಟಿಗ್ಮ್ಯಾಟಿಸಂ (ಕಾರ್ನಿಯಾ ಸೊಟ್ಟಗಾಗಿ ಬರುವ ನೋಟದ ದೋಷ) ಕಡಿಮೆ ಎಂಬುದೂ ಸುಳ್ಳಲ್ಲ. ತೀರಾ ಗಟ್ಟಿಯಾಗಿ ಕಂದಿದ ಪೊರೆಗೆ ಎಸ್‌ಐಸಿಎಸ್ಸೇ ವಾಸಿ ಅನ್ನುವ ಸರ್ಜನ್‌ಗಳೂ ಇದ್ದಾರೆ. ಇದ್ಯಾವುದೂ ಆ ಹಾಳೆಯಲ್ಲಿ ಇರುವುದಿಲ್ಲ.

ಕಣ್ಣಿನಿಂದ ಆಚೆ ಹೋದ ರೇಷ್ಮೆ ಈಗ ಇನ್ನೊಂದು ಬಾಗಿಲಿನಿಂದ ಬರುತ್ತಿದೆ. ಗೋಂದು ಪೂರ್ತಿ ತೊಳೆದ ಫೈಬ್ರಾಯಿನನ್ನು ಗಾಜಿನಂಥ ತೆಳು ಹಾಳೆ ಮಾಡಿ, ಅದರ ಮೇಲೆ ಕಾರ್ನಿಯಾದ ಜೀವಕೋಶ ಬೆಳೆಸುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಭಾರತದಲ್ಲಿ ಹಿಪ್ಪುನೇರಳೆಯ ಹುಳ ಬಿಟ್ಟು ಕಾಡಿನ ಟಸರ್ ಹುಳದ ರೇಷ್ಮೆಯಲ್ಲೂ ಮಾಡಿದ್ದಾರೆ. ಅದು ಕೌಂಟರಿನ ಹಾಳೆಗೆ ಬಂದಾಗ ಎದುರಿಗೆ ಯಾವ ರೇಟು ಬರೆದಿರುತ್ತಾರೋ ನೋಡಬೇಕು.