ಬರಿಗೋಡೆಯ ಹಿಂದಿದ್ದ ಕ್ಯೂಪಿಡ್

ತೆರೆದ ಕಿಟಕಿಯ ಬಳಿ ನಿಂತು ಪತ್ರ ಓದುತ್ತಿರುವ ತರುಣಿಯ ಚಿತ್ರವನ್ನು ಡಚ್ ಕಲಾವಿದ ಯೊಹಾನೆಸ್ ವರ್ಮೀರ್ ರಚಿಸಿದ್ದು ಸುಮಾರು 1657–59ರಲ್ಲಿ. 1742ರಲ್ಲಿ ಜರ್ಮನಿಯ ಡ್ರೆಸ್ಡೆನ್ ಸೇರಿದ ಈ ಚಿತ್ರದಲ್ಲಿ ಆಕೆಯ ಹಿಂದಿದ್ದದ್ದು ಬರಿಯ ಗೋಡೆ. ಆ ಗೋಡೆಯ ಮೌನವೇ ವರ್ಮೀರನ ಪ್ರತಿಭೆಗೆ ಸಾಕ್ಷಿಯೆಂದು ರಸಿಕರು ಕೊಂಡಾಡಿದರು. ಅಚ್ಚಿನ ಪ್ರತಿಗಳಲ್ಲಷ್ಟೇ ಅದನ್ನು ಕಂಡ ನನಗೂ ಹಾಗೆಯೇ ಅನ್ನಿಸಿತ್ತು.

1979ರಲ್ಲಿ ತೆಗೆದ ಎಕ್ಸ್-ರೇ ಬೇರೆಯದನ್ನೇ ತೋರಿಸಿತು. ಬಿಳಿ ಬಣ್ಣಕ್ಕೆ ಬಳಸುತ್ತಿದ್ದ ಸೀಸದ ಸಂಯುಕ್ತವು ನಮ್ಮ ಮೂಳೆಗಳಂತೆಯೇ ಎಕ್ಸ್-ರೇಯನ್ನು ತಡೆಯುವುದರಿಂದ, ಮೇಲೆ ಬೇರೆ ಬಣ್ಣವಿದ್ದರೂ ಅಡಿಯ ಆಕೃತಿ ಫಿಲ್ಮಿನಲ್ಲಿ ಮೂಡಬಲ್ಲದು. ಹಾಗೆ ಕಂಡವನು ಬಿಲ್ಲು ಹಿಡಿದ ಪ್ರೇಮದೇವತೆ ಕ್ಯೂಪಿಡ್. ಆದರೆ ವರ್ಮೀರನೇ ಮನಸ್ಸು ಬದಲಿಸಿ ಅವನನ್ನು ಮರೆಮಾಡಿರಬೇಕೆಂದು ವಿದ್ವಾಂಸರು ನಂಬಿದ್ದರಿಂದ, ಬರಿಗೋಡೆಯ ಮೇಲಿನ ಮೆಚ್ಚುಗೆ ಕುಂದಲಿಲ್ಲ.

ಈ ನಂಬಿಕೆಯನ್ನು ಅಲುಗಿಸಿದ್ದು ಕೊಳೆ. 2017ರಲ್ಲಿ ಆರಂಭವಾದ ಸಂರಕ್ಷಣಾ ಕಾರ್ಯದ ವೇಳೆ ಬಣ್ಣದ ಪದರಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ಕ್ಯೂಪಿಡ್‌ಗೂ ಅವನನ್ನು ಮುಚ್ಚಿದ ಬಣ್ಣಕ್ಕೂ ನಡುವೆ ಹಳೆಯ ವಾರ್ನಿಷ್ ಮತ್ತು ಅದರ ಮೇಲೆ ಕೂತ ಕೊಳೆ ಸಿಕ್ಕವು. ಕಲಾವಿದನು ಕೆಲಸದ ನಡುವೆಯೇ ತಿದ್ದಿದ್ದರೆ ಅಲ್ಲಿ ಕೊಳೆ ಕೂರಲು ಸಮಯವೇ ಇರುತ್ತಿರಲಿಲ್ಲ. ಚಿತ್ರ ಮುಗಿದು ಹಲವು ದಶಕಗಳಾದ ಮೇಲೆ, ಅಂದರೆ 1675ರಲ್ಲಿ ವರ್ಮೀರ್ ತೀರಿಕೊಂಡ ನಂತರ, ಬೇರೊಬ್ಬರು ಆ ಗೋಡೆಯನ್ನು ಬಳಿದಿದ್ದರು.

ಮೇಲಿನ ಬಣ್ಣವನ್ನು ತೆಗೆಯುವ ನಿರ್ಧಾರ ಸುಲಭದ್ದಲ್ಲ. ಹೋದ ಪದರ ಮತ್ತೆ ಬರುವುದಿಲ್ಲ. ಆದರೂ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ, ಏಕೆಂದರೆ ವರ್ಮೀರನ ಹೆಸರಿನಲ್ಲಿ ನಾವು ಓದುತ್ತಿದ್ದುದು ಮತ್ತೊಬ್ಬರ ತಿದ್ದುಪಡಿಯನ್ನು. ಸಂರಕ್ಷಣಾ ತಜ್ಞ ಕ್ರಿಸ್ಟೋಫ್ ಷೋಲ್ಜೆಲ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಸಣ್ಣ ಅಲಗಿನಿಂದ ಆ ಬಣ್ಣವನ್ನು ಕಣಕಣವಾಗಿ ಹೆರೆದರು. 2021ರ ಸೆಪ್ಟೆಂಬರಿನಲ್ಲಿ ಚಿತ್ರ ಮತ್ತೆ ಪ್ರದರ್ಶನಕ್ಕೆ ಬಂದಾಗ, ಗೋಡೆಯ ಮೇಲೆ ದೊಡ್ಡ ಚೌಕಟ್ಟಿನೊಳಗೆ ಕ್ಯೂಪಿಡ್ ನಿಂತಿದ್ದನು.

ಅವನ ಕಾಲಡಿಯಲ್ಲಿ ಮುಖವಾಡಗಳಿವೆ. ಮುಖವಾಡ ಕಪಟದ ಸಂಕೇತ. ಅದನ್ನು ತುಳಿದು ನಿಂತ ಪ್ರೇಮವೆಂದರೆ ವಂಚನೆಯನ್ನು ಗೆದ್ದ ಪ್ರೇಮ. ಏಕಾಂತದ ಚಿತ್ರಣವೆಂದು ಕಂಡಿದ್ದ ದೃಶ್ಯದಲ್ಲಿ ಈಗ ಆ ಪತ್ರ ಪ್ರೇಮಪತ್ರವಾಗಿದೆ, ಅದರ ಪ್ರಾಮಾಣಿಕತೆಯ ಪ್ರಶ್ನೆಯೂ ಜೊತೆಗೆ ಬಂದಿದೆ.