ಕಾಸಗಲದ ಖಾಲಿ ಜಾಗ

ಮಗಳಿಗೆ ಜಡೆ ಹೆಣೆಯಲು ಕೂತ ತಾಯಿಯ ಬೆರಳಿಗೆ ಒಂದು ದಿನ ಕಾಸಗಲದ ನುಣುಪಾದ ಜಾಗ ತಗಲುತ್ತದೆ. ಅಲ್ಲಿ ಹೊಟ್ಟಿಲ್ಲ, ಗಾಯವಿಲ್ಲ. ಕೂದಲು ಮಾತ್ರ ಇಲ್ಲ. ಕೂದಲು ಅಲ್ಲಲ್ಲಿ ಬಿಲ್ಲೆಯಾಕಾರದಲ್ಲಿ ಉದುರುವ ಅಲೋಪೇಶಿಯಾ ಏರಿಯೇಟಾ ಎಂಬ ಕಾಯಿಲೆ ಎಷ್ಟೋ ಮನೆಗಳಲ್ಲಿ ಗಮನಕ್ಕೆ ಬರುವುದು ಹೀಗೆಯೇ. ಹುಳ ತಿಂದಿದೆ ಎಂದು ಹಿರಿಯರು ಹೇಳುವುದುಂಟು. ಆದರೆ ಇಲ್ಲಿ ಹುಳವೂ ಇಲ್ಲ, ಸೋಂಕೂ ಇಲ್ಲ. ಶಿಲೀಂಧ್ರದಿಂದ ಬರುವ ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಇದು ಹರಡುವುದಿಲ್ಲ. ಆದ್ದರಿಂದ ಚರ್ಮವೈದ್ಯರು ಮೊದಲು ಇವೆರಡರಲ್ಲಿ ಯಾವುದೆಂದು ಖಚಿತಪಡಿಸಿಕೊಳ್ಳುತ್ತಾರೆ.

ಬೆಳೆಯುತ್ತಿರುವ ಕೂದಲಿನ ಬುಡವು ಸಾಮಾನ್ಯವಾಗಿ ದೇಹದ ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ಒಂದು ಬಗೆಯ ಮರೆಯಲ್ಲಿರುತ್ತದೆ. ಆ ಮರೆ ಸರಿದಾಗ ರೋಗಾಣುಗಳ ವಿರುದ್ಧ ಹೋರಾಡಬೇಕಾದ ಟಿ ಕೋಶಗಳು ಬುಡವನ್ನೇ ಮುತ್ತುತ್ತವೆ, ಕೂದಲು ಬೆಳವಣಿಗೆಯನ್ನು ಅರ್ಧಕ್ಕೇ ನಿಲ್ಲಿಸಿ ಉದುರುತ್ತದೆ. ಆದರೆ ಹೊಸ ಕೂದಲಿಗೆ ಮೂಲವಾದ ಕಾಂಡಕೋಶಗಳು ಬುಡಕ್ಕಿಂತ ತುಸು ಮೇಲಿರುವುದರಿಂದ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಎಷ್ಟೋ ವರ್ಷಗಳ ನಂತರವೂ ಕೂದಲು ಮರಳಿ ಬರಬಲ್ಲುದು ಎನ್ನುವುದಕ್ಕೆ ಇದೇ ಕಾರಣ; ಮರಳುವಾಗ ಅದು ಮೊದಲು ಬೆಳ್ಳಗೆ, ನವಿರಾಗಿ ಇರುವುದುಂಟು. ಎಣ್ಣೆ ಬದಲಿಸಿದ್ದರಿಂದಲೋ ತಲೆಗೆ ನೀರು ಹಾಕುವುದು ತಪ್ಪಿದ್ದರಿಂದಲೋ ಹೀಗಾಯಿತೆಂದು ತನ್ನನ್ನು ತಾನೇ ಹಳಿದುಕೊಳ್ಳುವ ತಾಯಿಗೆ ಈ ವಿವರ ಮೊದಲು ತಲುಪಬೇಕು.

ಮಕ್ಕಳಿಗೆ ಸಾಮಾನ್ಯವಾಗಿ ಹಚ್ಚುವ ಸ್ಟೀರಾಯ್ಡ್ ಮುಲಾಮಿನಿಂದ ಚಿಕಿತ್ಸೆ ಆರಂಭವಾಗುತ್ತದೆ. ತೀವ್ರ ಸ್ವರೂಪಕ್ಕೆ ಅಮೆರಿಕದಲ್ಲಿ 2023ರಲ್ಲಿ ರಿಟ್ಲೆಸಿಟಿನಿಬ್ ಎಂಬ ಕ್ಯಾಪ್ಸೂಲಿಗೆ 12 ವರ್ಷ ತುಂಬಿದವರಿಗೂ ಒಪ್ಪಿಗೆ ಸಿಕ್ಕಿತು. ಅದು ರಕ್ಷಣಾ ಕೋಶಗಳ ನಡುವಿನ ಸಂಕೇತಗಳನ್ನು ತಡೆಯುವುದರಿಂದ ಸೋಂಕಿನ ಅಪಾಯವನ್ನೂ ತೂಗಿ ನೋಡಬೇಕಾಗುತ್ತದೆ. ಗುಲಗಂಜಿ ಅರೆದು ಹಚ್ಚುವ ಮನೆಮದ್ದನ್ನು ಮಾತ್ರ ಖಂಡಿತ ಮಾಡಬಾರದು, ಆ ಬೀಜದಲ್ಲಿ ಅಬ್ರಿನ್ ಎಂಬ ಉಗ್ರ ವಿಷವಿದೆ.

ಇಷ್ಟಾದರೂ ಈ ಕಾಯಿಲೆಯ ನಡೆ ಯಾರ ಲೆಕ್ಕಕ್ಕೂ ಸಿಗದು: ಬಂದ ಕೂದಲು ಮತ್ತೆ ಉದುರಬಹುದು, ಕೆಲವು ಮಕ್ಕಳಲ್ಲಿ ಹುಬ್ಬು, ರೆಪ್ಪೆಗಳೂ ಹೋಗಬಹುದು. ಆದ್ದರಿಂದ ‘ಬಂದೇ ಬರುತ್ತದೆ’ ಎಂದು ಮಗುವಿಗೆ ಮಾತು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಆ ಮಾತು ಸುಳ್ಳಾದ ದಿನ ಮಗು ಅದನ್ನು ತನ್ನದೇ ಸೋಲೆಂದು ತಿಳಿಯುತ್ತದೆ. ‘ತಿರುಪತಿಯಲ್ಲಿ ಮುಡಿ ಕೊಟ್ಟೆಯಾ?’ ಎಂದು ಮದುವೆಮನೆಯಲ್ಲಿ ಕೇಳುವವರಿಗೆ ‘ಇಲ್ಲ, ನನಗೆ ಅಲೋಪೇಶಿಯಾ ಇದೆ, ಇದು ಅಂಟುವುದಿಲ್ಲ’ ಎಂದು ಹೇಳುವುದನ್ನು ಮನೆಯಲ್ಲೇ ರೂಢಿ ಮಾಡಿಸಬಹುದು. ತರಗತಿಯ ಶಿಕ್ಷಕರಿಗೂ ಇಷ್ಟನ್ನೇ ಮೊದಲೇ ತಿಳಿಸಿ, ಎರಡು ಜಡೆ, ರಿಬ್ಬನ್ನಿನ ನಿಯಮದಿಂದ ವಿನಾಯಿತಿ ಕೇಳಬೇಕು. ದಿನಬೆಳಗಾದರೆ ತಲೆ ತಡವಿ ನೋಡುವುದನ್ನು ಬಿಟ್ಟು, ತಿಂಗಳಿಗೊಮ್ಮೆ ಒಂದು ಫೋಟೊ ತೆಗೆದಿಟ್ಟರೆ ವೈದ್ಯರಿಗೆ ತೋರಿಸಲು ಅದೇ ಸಾಕು. ಟೋಪಿಯೋ, ವಿಗ್ಗೋ, ಬರಿದಲೆಯೋ ಎಂಬುದನ್ನು ಮಗುವೇ ಆರಿಸಿಕೊಳ್ಳಲಿ. ಬಿಸಿಲಿಗೆ ಹೋಗುವಾಗ ಮಾತ್ರ ತಲೆ ಮುಚ್ಚಿರಬೇಕು, ಏಕೆಂದರೆ ಕೂದಲಿನ ನೆರಳಿಲ್ಲದ ನೆತ್ತಿಯ ಚರ್ಮ ಬೇಗ ಸುಡುತ್ತದೆ.