ಮೈಕಿನ ಮುಂದೆ ಮೆಲುದನಿ

1920ರಲ್ಲಿ ನ್ಯೂಯಾರ್ಕಿನಲ್ಲಿ ಸಂಶೋಧಕ ಲೀ ಡಿ ಫಾರೆಸ್ಟ್ ನಡೆಸುತ್ತಿದ್ದ ಪ್ರಾಯೋಗಿಕ ರೇಡಿಯೊ ಪ್ರಸಾರಕ್ಕೆ ವಾನ್ ಡಿ ಲೀತ್ ಎಂಬ ಗಾಯಕಿ ಹಾಡಲು ಬಂದರು. ತಾರಸ್ಥಾಯಿಗೆ ಏರಿದರೆ ಪ್ರಸಾರ ಯಂತ್ರದ ಗಾಜಿನ ಕೊಳವೆಯಂಥ ವಾಲ್ವ್‌ಗಳು ಕೆಟ್ಟುಹೋದಾವು ಎಂಬ ಭಯಕ್ಕೆ ಅವರು ದನಿ ತಗ್ಗಿಸಿ, ಜೋಗುಳದಂತೆ ಹಾಡಿದರು ಎನ್ನುತ್ತಾರೆ. ತೊಂದರೆ ಶ್ರುತಿಯದ್ದಲ್ಲ, ಜೋರಿನದ್ದು ಎಂದು ನನ್ನ ಅನಿಸಿಕೆ. ಆಗಿನ ಮೈಕಿನಲ್ಲಿ ಇದ್ದಿಲಿನ ಹರಳುಗಳಿರುತ್ತಿದ್ದವು. ದನಿ ಅವನ್ನು ಒತ್ತಿದಂತೆಲ್ಲ ವಿದ್ಯುತ್ ಪ್ರವಾಹ ಏರಿಳಿಯುತ್ತಿತ್ತು. ಒತ್ತಡ ಹೆಚ್ಚಾದರೆ ದನಿ ಒಡೆದು ಗೊರಗೊರ ಎನ್ನುತ್ತಿತ್ತು.

ಅದಕ್ಕೂ ಮೊದಲು ಮೆಲ್ಲಗೆ ಹಾಡುವವರಿಗೆ ದೊಡ್ಡ ಸಭಾಂಗಣದಲ್ಲಿ ಜಾಗವೇ ಇರಲಿಲ್ಲ. ವಾದ್ಯಮೇಳವನ್ನು ಮೀರಿ ಕೇಳಿಸಬೇಕಾದರೆ ಹೆಣ್ಣುದನಿ ಮೇಲೇರಲೇಬೇಕು. ಏರಿದಾಗ ಕಳೆದುಹೋಗುತ್ತಿದ್ದದ್ದು ಮಾತು. ‘ಈ’ಗೂ ‘ಆ’ಗೂ ವ್ಯತ್ಯಾಸ ಹುಟ್ಟುವುದು ಬಾಯಿ, ಗಂಟಲಿನ ಪೊಳ್ಳಿನಲ್ಲಾಗುವ ಅನುರಣನದಿಂದ, ಎಂದರೆ ಕೆಲವು ಕಂಪನಗಳು ಅಲ್ಲಿ ಮೊಳಗಿ ಬಲಗೊಳ್ಳುವುದರಿಂದ. ‘ಈ’ ಎನ್ನುವಾಗ ಮೊದಲ ಅನುರಣನ ಸುಮಾರು 300 ಹರ್ಟ್ಸ್ (ಸೆಕೆಂಡಿಗೆ 300 ಕಂಪನ) ಹತ್ತಿರ, ‘ಆ’ ಎನ್ನುವಾಗ ಸುಮಾರು 800ರ ಹತ್ತಿರ. ಗಾಯಕಿಯ ಶ್ರುತಿಯೇ 900 ಹರ್ಟ್ಸ್ ಮುಟ್ಟಿದರೆ ಅದಕ್ಕಿಂತ ಕೆಳಗೆ ಕಂಪನವೇ ಇಲ್ಲ. ‘ಈ’ಯನ್ನು ಕಿವಿ ಯಾವುದರಿಂದ ಗುರುತಿಸಬೇಕು? ಅದಕ್ಕೇ ಆ ಎತ್ತರದಲ್ಲಿ ಎಲ್ಲ ಅಕ್ಷರಗಳೂ ‘ಆ’ಕಾರದತ್ತ ವಾಲುತ್ತವೆ.

ಆಗ ಧ್ವನಿಮುದ್ರಣವೂ ಕಹಳೆಯಾಕಾರದ ಕೊಳವೆಯೊಳಗೆ ಹಾಡಿಯೇ ಆಗಬೇಕಿತ್ತು. 1930ರಲ್ಲಿ ನಮ್ಮ ಮೈಸೂರಿನಲ್ಲಿ ಕೊನೆಯುಸಿರೆಳೆದ ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದು ಇಂಥ ಕಹಳೆಗೇ. 1925ರಲ್ಲಿ ಅಮೆರಿಕದ ಕಂಪನಿಗಳು ಮೈಕ್ ಬಳಸುವ ವಿದ್ಯುತ್ ಮುದ್ರಣಕ್ಕೆ ಹೊರಳಿದವು. ಸುಮಾರು 2,500 ಹರ್ಟ್ಸ್‌ಗೆ ನಿಲ್ಲುತ್ತಿದ್ದ ಗ್ರಾಮಫೋನ್ ತಟ್ಟೆಯ ದನಿ 5,000 ದಾಟಿತು, ವ್ಯಂಜನಗಳು ಸ್ಪಷ್ಟವಾದವು.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ದೂರದ ಲೆಕ್ಕ. ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಬಾಯಿ ಮೈಕಿನಿಂದ ಒಂದು ಅಡಿ, ಟ್ರಂಪೆಟ್ ಎಂಟು ಅಡಿ ದೂರದಲ್ಲಿದ್ದರೆ, ಗೋಡೆಗಳ ಪ್ರತಿಧ್ವನಿ ಬಿಟ್ಟು ನೋಡಿದಾಗ, ಟ್ರಂಪೆಟ್ಟಿನ ಬಲ ಮೈಕಿನ ಪಾಲಿಗೆ 64ನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಹತ್ತಾರು ವಾದ್ಯಗಳ ನಡುವೆ ಒಬ್ಬ ಹೆಣ್ಣುಮಗಳು ಮಾತಿನ ಶ್ರುತಿಯಲ್ಲೇ ಹಾಡಿ ಗೆಲ್ಲಬಹುದಾಯಿತು.

ಹಾದಿ ಸಲೀಸಾಗಿರಲಿಲ್ಲ. ರೇಡಿಯೊದಲ್ಲಿ ಹೆಂಗಸರ ದನಿ ಕೀರಲು ಎಂಬ ದೂರು 1920ರ ದಶಕದುದ್ದಕ್ಕೂ ಇತ್ತು. ತಳದ ಕಂಪನಗಳನ್ನು ನುಂಗಿಹಾಕುತ್ತಿದ್ದ ಸಣ್ಣ ಸ್ಪೀಕರುಗಳ ಕುಂದನ್ನೂ ಹೆಂಗಸರ ಗಂಟಲಿಗೇ ಹೊರಿಸಿದ್ದು ಅನ್ಯಾಯ. 1929ರಲ್ಲಿ ಮಿಲ್ಡ್ರೆಡ್ ಬೇಲಿ ಪಾಲ್ ವೈಟ್‌ಮನ್‌ರ ವಾದ್ಯವೃಂದ ಸೇರಿದರು. ದೊಡ್ಡ ನೃತ್ಯವೃಂದವೊಂದರಲ್ಲಿ ಕಾಯಂ ಗಾಯಕಿಯಾದ ಮೊದಲಿಗರೆಂದು ಅವರನ್ನು ನೆನೆಯುತ್ತಾರೆ. ಹಗುರ, ತಿಳಿ ಕಂಠ. ಒಂದು ಪದವೂ ಜಾರುವುದಿಲ್ಲ.

1926ರಿಂದ ತಟ್ಟೆಗಳಿಗೆ ಹಾಡುತ್ತಿದ್ದ ಆನೆಟ್ ಹ್ಯಾನ್‌ಶಾ ಹಾಡು ಮುಗಿದ ಮೇಲೆ ಅನೇಕ ಸಲ ‘ದಟ್ಸ್ ಆಲ್’ ಎಂದು ಮೆಲ್ಲಗೆ ನುಡಿಯುತ್ತಿದ್ದರು, ‘ಅಷ್ಟೇ’ ಎಂಬಂತೆ. ಕೇಳಿ ನೋಡಿ: ಹಾಡಿದ ದನಿಗೂ ಆ ಎರಡು ಪದಗಳಿಗೂ ನಡುವೆ ಒಂದು ಮೆಟ್ಟಿಲಿನಷ್ಟೂ ಎತ್ತರದ ಅಂತರವಿಲ್ಲ.